ಪಾಪುಗೆ ನೀರು ಯಾವಾಗಿಂದ ಕೊಡೋದು? ನಮ್ಮನೆಯ ಅನುಭವ

ಆಸ್ಪತ್ರೆಯಿಂದ ಮಗಳನ್ನು ಎತ್ತಿಕೊಂಡು ಮನೆಗೆ ಹೊರಡುವಾಗ ಡಾಕ್ಟರ್ ಏನೇನೋ ಹೇಳಿದರು. ಅದರಲ್ಲಿ ಮುಕ್ಕಾಲು ಭಾಗ ನನಗೆ ನೆನಪಿಲ್ಲ. ನಿದ್ದೆ ಇರಲಿಲ್ಲ, ಹೊಲಿಗೆ ನೋಯುತ್ತಿತ್ತು. ತಲೆಯಲ್ಲಿ ಉಳಿದದ್ದು ಒಂದೇ ಮಾತು: "ಆರು ತಿಂಗಳು ತುಂಬೋವರೆಗೂ ಎದೆಹಾಲು ಮಾತ್ರ. ನೀರೂ ಬೇಡ." ಕೇಳಿದಾಗ ಇದರಲ್ಲಿ ಏನಿದೆ ಕಷ್ಟ ಅನ್ನಿಸಿತ್ತು. ಏನೋ ಮಾಡಿ ಅಂದಿದ್ದರೆ ಕಷ್ಟ, ಮಾಡಬೇಡಿ ಅಂದರೆ ಸುಮ್ನೆ ಇದ್ದರಾಯಿತು ಅಲ್ವಾ?

ಸುಮ್ನೆ ಇರೋದೇ ಕಷ್ಟ ಅಂತ ಒಂದು ವಾರದೊಳಗೆ ಗೊತ್ತಾಯಿತು. ಮಗುವನ್ನು ಪ್ರೀತಿಸುವ ಜನ ಮನೆಯಲ್ಲಿ ಜಾಸ್ತಿ ಇದ್ದಷ್ಟೂ ಕಷ್ಟ ಜಾಸ್ತಿ. ಒಬ್ಬೊಬ್ಬರಿಗೂ ಒಂದೊಂದು ಕಾರಣ. ಅಮ್ಮನಿಗೆ ಬಿಕ್ಕಳಿಕೆ, ಅತ್ತೆಗೆ ಸೆಕೆ, ನೋಡಲು ಬಂದವರಿಗೆ ಪಾಪುವಿನ ಒಣಗಿದ ತುಟಿ. ಎಲ್ಲದಕ್ಕೂ ಮದ್ದು ಒಂದೇ, "ಒಂದು ಚಮಚ ನೀರು ಹಾಕು".

"ನಾವು ಊಟ ಮಾಡಿ ನೀರು ಕುಡೀದೆ ಇರ್ತೀವಾ ಹೇಳಮ್ಮ? ಪಾಪುಗೂ ಗಂಟಲು ಒಣಗಲ್ವಾ?" ಅಂತ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. "ಡಾಕ್ಟರ್ ಬೇಡ ಅಂದಿದ್ದಾರೆ ಅತ್ತೆ" ಅನ್ನೋದು ಬಿಟ್ಟರೆ ನನ್ನ ಹತ್ತಿರ ಆಗ ಬೇರೆ ಉತ್ತರ ಇರಲಿಲ್ಲ. ಅಮ್ಮ ಇನ್ನೂ ನೇರ. "ನಿನಗೂ ಕೊಟ್ಟಿದ್ದೆ ಕಣೇ. ಏನಾಯ್ತು ನಿನಗೆ?"

ಅಮ್ಮನ ಮಾತನ್ನು ಹಳೇ ಕಾಲದ ಮಾತು ಅಂತ ತಳ್ಳಿಹಾಕಲು ನನಗೆ ಮನಸ್ಸಿರಲಿಲ್ಲ. ಕಾಯಿಸಿ ಆರಿಸಿದ ನೀರು ಮಧ್ಯೆ ಮಧ್ಯೆ ಕೊಡಿ ಅಂತ ಆಗ ಡಾಕ್ಟರೇ ಹೇಳಿದ್ದರಂತೆ. ಆರು ತಿಂಗಳ ಲೆಕ್ಕವೂ ಅಷ್ಟೇನೂ ಹಳೆಯದಲ್ಲ. ಅದಕ್ಕೂ ಮುಂಚೆ ವಿಶ್ವ ಆರೋಗ್ಯ ಸಂಸ್ಥೆ 4ರಿಂದ 6 ತಿಂಗಳು ಬರೀ ಎದೆಹಾಲು ಸಾಕು ಅನ್ನುತ್ತಿತ್ತು. ಪೂರ್ತಿ 6 ತಿಂಗಳು ಅಂತ ಬದಲಾಯಿಸಿದ್ದು 2001ರಲ್ಲಿ. ನಮ್ಮ ಅಮ್ಮಂದಿರು ನಮ್ಮನ್ನು ಬೆಳೆಸಿದ್ದು ಅದಕ್ಕೂ ಮುಂಚೆ. ಇದನ್ನು ಅಮ್ಮನಿಗೆ ಹೇಳಿದಾಗ ಅವಳ ಮುಖ ಸ್ವಲ್ಪ ಸಡಿಲವಾಯಿತು. ತಪ್ಪು ಮಾಡಿದೆ ಅನ್ನೋ ಮಾತಿಗೂ, ಆಗಿನ ಸಲಹೆ ಬೇರೆ ಇತ್ತು ಅನ್ನೋ ಮಾತಿಗೂ ತುಂಬಾ ವ್ಯತ್ಯಾಸ ಇದೆ. ಮನೆಯಲ್ಲಿ ಈ ವಿಷಯ ಮಾತಾಡುವವರು ಇಲ್ಲಿಂದಲೇ ಶುರು ಮಾಡಿ ಅಂತ ನಾನು ಹೇಳುತ್ತೇನೆ.

ಮೊದಲನೇ ಚೆಕಪ್‌ಗೆ ಹೋದಾಗ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋದೆ. ಪ್ರಶ್ನೆ ಅವರದೇ, ಅವರೇ ಕೇಳಲಿ ಅಂತ. ಡಾಕ್ಟರಮ್ಮ ಬೇಸರ ಮಾಡಿಕೊಳ್ಳದೆ ಬಿಡಿಸಿ ಹೇಳಿದರು.

ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87–88 ಭಾಗ ನೀರೇ ಇರುತ್ತದೆ. ಅಂದರೆ ಪಾಪು ಹಾಲು ಕುಡಿದಾಗಲೆಲ್ಲ ನೀರು ಕುಡಿದೇ ಇರುತ್ತದೆ. ಕುಡಿಯಲು ಶುರು ಮಾಡಿದಾಗ ಬರುವ ಹಾಲು ತೆಳು, ಆಮೇಲೆ ಬರುವುದು ಗಟ್ಟಿ. ಸೆಕೆಯ ದಿನ ಪಾಪು ಸ್ವಲ್ಪ ಸ್ವಲ್ಪವೇ, ಆಗಾಗ ಕುಡಿಯುತ್ತದೆ. ಅದು ಹಸಿವಿಗೆ ಅಂತಲೇ ಅಲ್ಲ, ಬಾಯಾರಿಕೆಗೂ ಹೌದು. ಬಿಸಿಲಿನ ಪ್ರದೇಶಗಳಲ್ಲಿ ಬರೀ ಎದೆಹಾಲು ಕುಡಿಯುವ ಮಕ್ಕಳ ಮೂತ್ರವನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ನೀರಿನ ಕೊರತೆ ಕಂಡಿಲ್ಲ.

"ಸರಿ, ಬೇಕಾಗಿಲ್ಲ. ಆದರೆ ಒಂದು ಚಮಚ ಕೊಟ್ಟರೆ ಏನಾಗುತ್ತೆ?" ಅತ್ತೆ ಬಿಡಲಿಲ್ಲ. ನನಗೂ ಅದೇ ಬೇಕಿತ್ತು.

ಒಂದು ಚಮಚಕ್ಕೆ ಏನೂ ಆಗದಿರಬಹುದು. ಒಂದು ಚಮಚಕ್ಕೆ ನಿಲ್ಲುವುದಿಲ್ಲ ಅನ್ನೋದೇ ತೊಂದರೆ. ಹುಟ್ಟಿದ ಮಗುವಿನ ಕಿಡ್ನಿ ಇನ್ನೂ ಬಲಿತಿರುವುದಿಲ್ಲ. ಜಾಸ್ತಿಯಾದ ನೀರನ್ನು ಬೇಗ ಹೊರಗೆ ಹಾಕಲು ಅದಕ್ಕೆ ಆಗುವುದಿಲ್ಲ, ಸಣ್ಣ ಬಾಯಿಯ ಲಾಳಿಕೆಗೆ ಬಿಂದಿಗೆ ನೀರು ಸುರಿದ ಹಾಗೆ. ಆ ನೀರು ರಕ್ತದಲ್ಲೇ ಉಳಿದು ಸೋಡಿಯಂ ತೆಳುವಾಗುತ್ತದೆ. ಸೋಡಿಯಂ ತೀರಾ ಇಳಿದರೆ ಮಗು ಮಂಕಾಗುತ್ತದೆ, ಕಿರಿಕಿರಿ ಮಾಡುತ್ತದೆ, ಮುಖ ಊದಿಕೊಳ್ಳುತ್ತದೆ, ಮೈ ತಣ್ಣಗಾಗುತ್ತದೆ. ಕೊನೆಗೆ ಫಿಟ್ಸ್ ಕೂಡ ಬರಬಹುದು. ದೊಡ್ಡವರಾದ ನಮಗೆ ನೀರು ಕುಡಿದು ಹೀಗಾಗುವುದು ತುಂಬಾ ಅಪರೂಪ. ಹಾಗಾಗಿ ನೀರಿನಿಂದ ಅಪಾಯ ಅಂದರೆ ನಂಬಲು ಆಗುವುದಿಲ್ಲ.

ಇನ್ನೊಂದು ಲೆಕ್ಕ ಹೊಟ್ಟೆಯದು. ಪಾಪುವಿನ ಹೊಟ್ಟೆ ತೀರಾ ಚಿಕ್ಕದು. ನೀರಿನಲ್ಲಿ ಅದು ತುಂಬಿದರೆ ಹಾಲಿಗೆ ಜಾಗ ಎಲ್ಲಿ? ನೀರಿನಲ್ಲಿ ತೂಕ ಏರಿಸುವಂಥದ್ದು ಏನೂ ಇಲ್ಲ. ಮಗು ಕಡಿಮೆ ಚೀಪಿದರೆ ಹಾಲು ಬರುವುದೂ ಕಡಿಮೆಯಾಗುತ್ತಾ ಹೋಗುತ್ತದೆ. ಆಮೇಲೆ "ಅಯ್ಯೋ, ಇವಳಿಗೆ ಹಾಲೇ ಸಾಲ್ತಿಲ್ಲ" ಅಂತ ಮಾತು ಶುರುವಾಗುತ್ತದೆ. ನೀರು ಚೊಕ್ಕಟವಾಗಿರದಿದ್ದರೆ ಭೇದಿ ಬೇರೆ. ಅತ್ತೆ ಎಲ್ಲ ಕೇಳಿಸಿಕೊಂಡರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದವರೇ ಅಮ್ಮನಿಗೆ ಫೋನ್ ಮಾಡಿ, ತಾವೇ ಕಂಡುಹಿಡಿದವರ ಹಾಗೆ ಕಿಡ್ನಿ, ಸೋಡಿಯಂ ಎಲ್ಲ ವಿವರಿಸಿದರು. ನಾನು ಒಳಗೆ ನಗುತ್ತಾ ಕೂತಿದ್ದೆ.

ಆದರೂ ಪ್ರಶ್ನೆ ಮುಗಿಯಲಿಲ್ಲ. ಹೊಸ ಹೊಸ ವೇಷದಲ್ಲಿ ಬರುತ್ತಲೇ ಇತ್ತು.

ಮೊದಲ ವಾರದಲ್ಲೇ ಮಗಳಿಗೆ ಸ್ವಲ್ಪ ಕಾಮಾಲೆ ಇತ್ತು. ಮೈ, ಕಣ್ಣು ಹಳದಿ. ನೀರು ಕುಡಿಸಿದರೆ ಉಚ್ಚೆಯಲ್ಲಿ ಎಲ್ಲ ಹೋಗಿಬಿಡುತ್ತೆ ಅಂತ ಬಂದವರೊಬ್ಬರು ಹೇಳಿದರು. ಕೇಳಲು ಸರಿ ಅನ್ನಿಸುತ್ತದೆ. ಆದರೆ ಮೈ ಹಳದಿ ಮಾಡುವ ಬಿಲಿರುಬಿನ್ ಮುಖ್ಯವಾಗಿ ಹೊರಗೆ ಹೋಗುವುದು ಕಕ್ಕದಲ್ಲಿ. ಕಕ್ಕ ಚೆನ್ನಾಗಿ ಆಗಬೇಕಾದರೆ ಹಾಲು ಹೋಗಬೇಕು. ನೀರು ಕೊಟ್ಟು ಹಾಲು ಕಡಿಮೆ ಮಾಡಿದರೆ ಕಾಮಾಲೆ ಇಳಿಯುವುದು ಇನ್ನೂ ನಿಧಾನ. ದಿನಕ್ಕೆ 8ರಿಂದ 12 ಸಲ ಹಾಲು ಕೊಡಿ, ಮಲಗಿದ್ದರೆ ಎಬ್ಬಿಸಿ ಕೊಡಿ ಅಂದರು ಡಾಕ್ಟರ್. ಕಾಮಾಲೆ ಇರುವ ಪಾಪು ಎಬ್ಬಿಸಿದರೂ ಏಳುವುದಿಲ್ಲ, ಬಾಯಿಗೆ ಇಟ್ಟರೆ ಎರಡು ಗುಟುಕು ಎಳೆದು ಮತ್ತೆ ನಿದ್ದೆ. ಪಾದ ತಿಕ್ಕಿ, ಬಟ್ಟೆ ಸಡಿಲ ಮಾಡಿ ಎಬ್ಬಿಸುತ್ತಿದ್ದೆವು. ನಮ್ಮದು ಹಾಗೇ ಇಳಿಯಿತು. ಎಲ್ಲ ಮಕ್ಕಳಿಗೂ ಹಾಗೇ ಇಳಿಯುವುದಿಲ್ಲ, ಕೆಲವರನ್ನು ಬೆಳಕಿನ ಕೆಳಗೆ ಇಡಬೇಕಾಗುತ್ತದೆ. ಹಾಗಾಗಿ ಹಳದಿ ಕಂಡರೆ ತೋರಿಸಲೇಬೇಕು.

ಬಿಕ್ಕಳಿಕೆ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬರುತ್ತದೆ, ಹೋಗುತ್ತದೆ. ನೋಡುವವರಿಗೆ ಕಷ್ಟ, ಪಾಪುಗೆ ಗೊತ್ತೂ ಆಗುವುದಿಲ್ಲ.

ಕಕ್ಕ ಮಾತ್ರ ನನ್ನನ್ನೂ ಹೆದರಿಸಿತು. ಮೊದಲು ದಿನಕ್ಕೆ ಹಲವು ಸಲ ಆಗುತ್ತಿದ್ದದ್ದು, ಎರಡನೇ ತಿಂಗಳು ಇದ್ದಕ್ಕಿದ್ದ ಹಾಗೆ ದಿನಗಟ್ಟಲೆ ಇಲ್ಲ. ನೀರು ಇಲ್ಲದೆ ಒಳಗೆ ಗಟ್ಟಿಯಾಗಿದೆ ಅಂತ ಮಾವನ ತೀರ್ಮಾನ. ಬರೀ ಎದೆಹಾಲು ಕುಡಿಯುವ ಮಕ್ಕಳಲ್ಲಿ ಮೊದಲ ಕೆಲವು ವಾರ ಕಳೆದ ಮೇಲೆ ಹೀಗೆ ಆಗುವುದು ಮಾಮೂಲಿ. ಎಷ್ಟು ದಿನಕ್ಕೆ ಆಯಿತು ಅನ್ನುವುದಕ್ಕಿಂತ ಹೇಗೆ ಆಯಿತು ಅಂತ ನೋಡಬೇಕು. ಆದಾಗ ಮೆತ್ತಗೆ ಇದ್ದರೆ ಅದು ಮಲಬದ್ಧತೆ ಅಲ್ಲ. ಕೊನೆಗೆ ಆಯಿತು. ಮೆತ್ತಗೇ ಇತ್ತು. ಡೈಪರ್ ತಡೆಯಲಿಲ್ಲ, ಮಾವನ ಪಂಚೆಯೂ ಉಳಿಯಲಿಲ್ಲ.

ನಿಜವಾದ ಪರೀಕ್ಷೆ ಸೆಕೆಗಾಲದಲ್ಲಿ. ಫ್ಯಾನ್ ತಿರುಗುತ್ತಿದ್ದರೂ ಪಾಪುವಿನ ಕುತ್ತಿಗೆ ಮಡಿಕೆಯಲ್ಲಿ ಬೆವರು. ಗಂಟೆಗೊಮ್ಮೆ ಅಳು, ಗಂಟೆಗೊಮ್ಮೆ ಹಾಲು. ಇಂಥ ಹೊತ್ತಿನಲ್ಲಿ ಓದಿದ್ದು, ಕೇಳಿದ್ದು ಯಾವುದೂ ಧೈರ್ಯ ಕೊಡುವುದಿಲ್ಲ. ನನಗೆ ಧೈರ್ಯ ಕೊಟ್ಟದ್ದು ಒದ್ದೆ ಬಟ್ಟೆ.

ಬಾಯಿ ನೋಡಿ ಬಾಯಾರಿಕೆ ಅಳೆಯಬೇಡಿ, ಉಚ್ಚೆ ನೋಡಿ ಅಂತ ನರ್ಸ್ ಒಬ್ಬರು ಮೊದಲೇ ಹೇಳಿಕೊಟ್ಟಿದ್ದರು. ಹುಟ್ಟಿದ ಮೊದಲ ದಿನ ಒಂದು ಒದ್ದೆ ಆದರೂ ಸಾಕು, ಎರಡನೇ ದಿನ ಎರಡು, ಹೀಗೆ ಏರುತ್ತಾ ಹೋಗಿ ಐದಾರು ದಿನ ಆದ ಮೇಲೆ ಇಪ್ಪತ್ನಾಲ್ಕು ಗಂಟೆಗೆ ಆರು ಅಥವಾ ಅದಕ್ಕಿಂತ ಜಾಸ್ತಿ ಆಗಬೇಕು. ಬಣ್ಣ ತೆಳು ಹಳದಿ ಇರಬೇಕು. ಮೊದಲ ಎರಡು ಮೂರು ದಿನ ಬಟ್ಟೆಯ ಮೇಲೆ ಕಿತ್ತಳೆ, ಗುಲಾಬಿ ಬೆರೆತ ಕಲೆ ಕಾಣಬಹುದು. ನಮಗೂ ಕಂಡಿತು. ಇವರು ರಕ್ತ ಅಂದುಕೊಂಡು ಗಾಬರಿಯಾಗಿ ನರ್ಸ್ ಹತ್ತಿರ ಓಡಿದ್ದರು. ಅದು ಯೂರಿಕ್ ಆಮ್ಲದ ಹರಳು. ಹಾಲು ಇಳಿದ ಮೇಲೆ ತಾನಾಗೇ ನಿಲ್ಲುತ್ತದೆ. ಐದನೇ ದಿನ ದಾಟಿದ ಮೇಲೂ ಕಂಡರೆ ಹಾಲು ಸಾಲುತ್ತಿಲ್ಲ ಅಂತ ಅರ್ಥ ಇರಬಹುದು, ತೋರಿಸಬೇಕು.

ಡೈಪರ್ ಹಾಕಿದರೆ ಎಷ್ಟು ಸಲ ಆಯಿತು ಅಂತ ಗೊತ್ತಾಗುವುದಿಲ್ಲ, ಎಲ್ಲ ಹೀರಿಕೊಂಡುಬಿಡುತ್ತದೆ. ಹಾಗಾಗಿ ಸೆಕೆಗಾಲದಲ್ಲಿ ಹಗಲು ಹೊತ್ತು ಹತ್ತಿ ಬಟ್ಟೆ ಕಟ್ಟಿದೆವು. ಲೆಕ್ಕ ಇಡುವ ಕೆಲಸ ಮಾವನದು. ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಪೆನ್ಸಿಲಿನಿಂದ ಸಣ್ಣ ಗೀಟು. ಐದನೆಯದು ಅಡ್ಡಗೀಟು. ಯಾರಾದರೂ ನೀರಿನ ಮಾತೆತ್ತಿದರೆ ಮಾವ ಕನ್ನಡಕ ಏರಿಸಿ ಕ್ಯಾಲೆಂಡರ್ ಹತ್ತಿರ ಹೋಗಿ, "ಮಧ್ಯಾಹ್ನಕ್ಕೇ ಐದಾಗಿದೆ, ಇನ್ಯಾಕೆ ನೀರು?" ಅನ್ನುತ್ತಿದ್ದರು. ವಾದದಲ್ಲಿ ನಾನು ಗೆಲ್ಲಲಾಗದ್ದನ್ನು ಆ ಗೀಟುಗಳು ಗೆದ್ದವು.

ಒದ್ದೆ ಕಡಿಮೆಯಾಗಿ, ಬಣ್ಣ ಗಾಢವಾಗಿ, ಬಾಯಿ ಒಳಗೆ ಒಣಗಿ, ಅತ್ತರೂ ಕಣ್ಣೀರು ಬರದೆ (ಮೊದಲ ಕೆಲವು ವಾರ ಕಣ್ಣೀರು ಬರುವುದೇ ಇಲ್ಲ, ಅದು ಬೇರೆ), ನೆತ್ತಿ ಒಳಗೆ ಗುಳಿ ಬಿದ್ದು, ಮಗು ಸಪ್ಪೆಯಾಗಿದ್ದರೆ ಅದು ನಿರ್ಜಲೀಕರಣ. ಆಗಲೂ ಮನೆಯಲ್ಲಿ ನೀರು ಕೊಟ್ಟು ನೋಡುವುದಲ್ಲ, ಡಾಕ್ಟರ್ ಹತ್ತಿರ ಓಡಬೇಕು. ತುಟಿಯ ಮೇಲಿನ ಸಿಪ್ಪೆ ಮಾತ್ರ ಯಾವುದರ ಲಕ್ಷಣವೂ ಅಲ್ಲ. ಚೀಪಿ ಚೀಪಿ ಹಾಗಾಗುತ್ತದೆ.

ಸೆಕೆಗೆ ನೀರು ಬೇಕಾದದ್ದು ನನಗೆ. ಪಾಪು ಬಾಯಿ ಹಾಕಿ ಒಂದು ನಿಮಿಷ ಆಗುವಷ್ಟರಲ್ಲಿ ನನಗೆ ಗಂಟಲು ಒಣಗಿಹೋಗುತ್ತಿತ್ತು. ಹಾಲು ಇಳಿಯುವಾಗ ತಾಯಿಗೆ ಹಾಗೆ ಬಾಯಾರುವುದು ಸಹಜವಂತೆ. ಪಾಪುಗೆ ನೀರು ಕೊಡಬೇಕು ಅನ್ನಿಸಿದಾಗಲೆಲ್ಲ ನನಗೆ ಕೊಡಿ ಅಂದೆ ಅತ್ತೆಗೆ. ಅಂದಿನಿಂದ ನಾನು ಕೂತರೆ ಸಾಕು, ಪಕ್ಕದಲ್ಲಿ ಒಂದು ಲೋಟ ನೀರು ಬಂದು ಕೂರುತ್ತಿತ್ತು. ಬಾಯಾರಿದಷ್ಟು ಕುಡಿದರೆ ಸಾಕು ಅನ್ನೋದೂ ನಿಜ. ಬಲವಂತವಾಗಿ ಚೊಂಬುಗಟ್ಟಲೆ ಕುಡಿದರೆ ಹಾಲು ಜಾಸ್ತಿಯಾಗುವುದಿಲ್ಲ, ಬಚ್ಚಲಿಗೆ ಓಡಾಟ ಜಾಸ್ತಿಯಾಗುತ್ತದೆ ಅಷ್ಟೇ.

ಫಾರ್ಮುಲಾ ಹಾಲು ಕುಡಿಯುವ ಮಕ್ಕಳ ಕಥೆ ಏನು ಅಂತ ಕೇಳುವವರಿದ್ದಾರೆ. ನನ್ನ ನಾದಿನಿಯ ಮಗನಿಗೆ ಮೂರನೇ ತಿಂಗಳಿಂದ ಅದೇ ಹಾಲು. ಅವನಿಗೂ ಆರು ತಿಂಗಳವರೆಗೆ ಬೇರೆ ನೀರು ಇರಲಿಲ್ಲ, ಯಾಕೆಂದರೆ ಹಾಲಿನಲ್ಲೇ ನೀರು ಇದೆ. ತುಂಬಾ ಸೆಕೆ ಇದ್ದಾಗ ಈ ಮಕ್ಕಳಿಗೆ ಕೆಲವು ಡಾಕ್ಟರುಗಳು ಒಂದೆರಡು ಗುಟುಕು ಕಾಯಿಸಿ ಆರಿಸಿದ ನೀರು ಕೊಡಿ ಅನ್ನುವುದುಂಟು. ಅದನ್ನು ಅವರನ್ನೇ ಕೇಳಿ ಮಾಡಬೇಕು. ನಾದಿನಿ ಕಟ್ಟುನಿಟ್ಟಾಗಿದ್ದದ್ದು ಅಳತೆಯಲ್ಲಿ. ಡಬ್ಬದ ಮೇಲೆ ಬರೆದಷ್ಟೇ ನೀರು, ಅದರ ಜೊತೆ ಬಂದ ಚಮಚದಲ್ಲೇ ಪುಡಿ, ಮೇಲೆ ಚಾಕುವಿನಿಂದ ಸವರಿ ಸಮ ಮಾಡಿ. "ಸೆಕೆ ಇದೆ, ಸ್ವಲ್ಪ ತೆಳು ಮಾಡು" ಅಂತ ಯಾರೋ ಹೇಳಿದ್ದಕ್ಕೆ ಅವಳು ಒಪ್ಪಲೇ ಇಲ್ಲ. ಹಾಲನ್ನು ತೆಳು ಮಾಡುವುದು ಅಂದರೆ ಬೇರೆ ದಾರಿಯಲ್ಲಿ ಪಾಪುಗೆ ನೀರು ಕುಡಿಸಿದಂತೆಯೇ. ಸೋಡಿಯಂ ಇಳಿಯಲು ಅದೂ ಒಂದು ಕಾರಣ. ಪುಡಿಯಲ್ಲೂ ಕೀಟಾಣು ಇರಬಹುದಾದ್ದರಿಂದ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮುಂಚೆ, ಅಂದರೆ ಒಲೆ ಆರಿಸಿ ಅರ್ಧ ಗಂಟೆಯೊಳಗೆ, ಪುಡಿ ಹಾಕಿ ಕಲಸಿ, ಆಮೇಲೆ ಉಗುರುಬೆಚ್ಚಗೆ ಆರಿಸಬೇಕು.

ನಾಲ್ಕು ತಿಂಗಳು ದಾಟಿದ ಮೇಲೆ ಮಗಳು ನಮ್ಮ ಲೋಟವನ್ನೇ ದಿಟ್ಟಿಸಿ ನೋಡಲು ಶುರು ಮಾಡಿದಳು. ಲೋಟ ಬಾಯಿಗೆ ಹೋದರೆ ಅವಳ ಬಾಯಿಯೂ ತೆರೆಯುತ್ತಿತ್ತು. "ನೋಡೇ, ಹೇಗೆ ಆಸೆಪಡುತ್ತೆ ಕೂಸು" ಅಂದಳು ಅಮ್ಮ. ಆ ವಯಸ್ಸಿಗೆ ಅವಳು ಚಪ್ಪಲಿಯನ್ನೂ ಅಷ್ಟೇ ಆಸೆಯಿಂದ ನೋಡುತ್ತಿದ್ದಳು. ಅದಕ್ಕೆ ನಾವು ಕಾದದ್ದು ಬೇರೆ ಲಕ್ಷಣಗಳಿಗೆ. ಕುತ್ತಿಗೆ ನಿಲ್ಲಬೇಕು, ಆಸರೆ ಕೊಟ್ಟರೆ ಕೂರಬೇಕು, ಬಾಯಿಗೆ ಇಟ್ಟದ್ದನ್ನು ನಾಲಿಗೆ ಹೊರಗೆ ತಳ್ಳುವುದು ನಿಲ್ಲಬೇಕು. ಇವೆಲ್ಲ ಹೆಚ್ಚುಕಮ್ಮಿ ಆರು ತಿಂಗಳ ಹೊತ್ತಿಗೆ ಒಟ್ಟಿಗೆ ಬಂದವು. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳಿಗೆ ಈ ಲೆಕ್ಕ ಬೇರೆ, ಅದನ್ನು ಡಾಕ್ಟರೇ ಹೇಳಬೇಕು.

ಆರು ತಿಂಗಳು ತುಂಬಿ ಊಟ ಶುರುವಾದಾಗ ನೀರೂ ಶುರುವಾಯಿತು. ಬಾಟಲಿ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು, ತೊಳೆಯುವುದು ಕಷ್ಟ, ಬಿಡಿಸುವುದು ಇನ್ನೂ ಕಷ್ಟ. ಪುಟ್ಟ ಸ್ಟೀಲ್ ಲೋಟ, ತಳದಲ್ಲಿ ಒಂದು ಬೆರಳಿನಷ್ಟು ನೀರು. ಕುದಿಸಿ ಆರಿಸಿದ ನೀರು. ಚೆನ್ನಾಗಿ ಮರಳಿ ಕುದಿಯಲು ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು, ತುಂಬಾ ಎತ್ತರದ ಜಾಗದಲ್ಲಿ ಇರುವವರು ಮೂರು ನಿಮಿಷ ಬಿಡಬೇಕು.

ಅವಳನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡೆ. ಲೋಟದ ಅಂಚನ್ನು ಕೆಳತುಟಿಗೆ ಮುಟ್ಟಿಸಿ, ನೀರು ಮೇಲ್ತುಟಿಗೆ ತಾಗುವಷ್ಟು ಮಾತ್ರ ಬಗ್ಗಿಸಿದೆ. ಬಾಯೊಳಗೆ ಹುಯ್ಯಲಿಲ್ಲ. ಅವಳು ಮೊದಲು ಅಂಚನ್ನು ಒಸಡಿನಿಂದ ಕಚ್ಚಿದಳು. ಆಮೇಲೆ ನಾಲಿಗೆ ಹಾಕಿ ನೆಕ್ಕಿದಳು. ಹಾಲಿನ ಹಾಗೆ ಚೀಪಲು ನೋಡಿದಾಗ ನೀರು ಒಮ್ಮೆಲೇ ಬಂದು, ಮುಖ ಸಿಂಡರಿಸಿ ಕೆಮ್ಮಿದಳು. ಅರ್ಧ ಗಲ್ಲದ ಮೇಲೆ, ಉಳಿದದ್ದು ಅಂಗಿಯ ಮೇಲೆ, ಒಳಗೆ ಹೋದದ್ದು ಒಂದೆರಡು ತೊಟ್ಟು. ಇಷ್ಟು ತಿಂಗಳು ಇದಕ್ಕಾ ಕಾದದ್ದು ಅನ್ನೋ ಹಾಗೆ ಅತ್ತೆ ನನ್ನ ಮುಖ ನೋಡಿದರು.

ಆದರೆ ಆ ವಯಸ್ಸಿಗೆ ಅಷ್ಟೇ ಸಾಕು. ಆರು ತಿಂಗಳಿಗೂ ಮುಖ್ಯ ಆಹಾರ ಹಾಲೇ, ಅವಳ ಬಾಯಾರಿಕೆಯನ್ನು ಹಾಲೇ ನೋಡಿಕೊಳ್ಳುತ್ತಿತ್ತು. ಲೋಟದಲ್ಲಿ ಕುಡಿಯುವುದು ಕಲಿಯಲಿ ಅಂತ ಕೊಡುವ ನೀರು ಅದು. ಆರರಿಂದ ಹನ್ನೆರಡು ತಿಂಗಳವರೆಗೆ ದಿನಕ್ಕೆ ಒಟ್ಟು ಸುಮಾರು 120ರಿಂದ 240 ಮಿಲಿಲೀಟರ್ ಅಂತ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುತ್ತದೆ. ಶುರುವಿನಲ್ಲಿ ನಾವು ಅದರ ಹತ್ತಿರವೂ ಹೋಗಲಿಲ್ಲ. ಊಟದ ಮಧ್ಯೆ ಎರಡು ಗುಟುಕು, ಊಟ ಆದ ಮೇಲೆ ಎರಡು ಗುಟುಕು. ಹಾಲು ಕುಡಿಯುವ ಹೊತ್ತಿಗೆ ಸ್ವಲ್ಪ ಮುಂಚೆ ನೀರು ಕೊಡುತ್ತಿರಲಿಲ್ಲ.

ನೀರಿನ ಉಪಯೋಗ ನನಗೆ ಕಣ್ಣಿಗೆ ಕಂಡದ್ದು ಊಟ ಸ್ವಲ್ಪ ಗಟ್ಟಿಯಾದಾಗ. ಕಕ್ಕ ನಿಜವಾಗಿಯೂ ಗಟ್ಟಿಯಾಯಿತು, ಮುಖ ಕೆಂಪಗೆ ಮಾಡಿ ತಿಣುಕುತ್ತಿದ್ದಳು. ಊಟದ ಜೊತೆ ಇನ್ನೆರಡು ಗುಟುಕು ಹೆಚ್ಚಿಸಿದ ಮೇಲೆ ಸರಿಹೋಯಿತು. ಎರಡನೇ ತಿಂಗಳಲ್ಲಿ ಮಾವ ಹೇಳಿದ್ದ ಮದ್ದು, ಏಳನೇ ತಿಂಗಳಲ್ಲಿ ಕೆಲಸ ಮಾಡಿತು. ಮಾವ ಇದನ್ನು ಈಗಲೂ ಹೇಳಿಕೊಳ್ಳುತ್ತಾರೆ.

ನೀರಿಗೆ ಸಕ್ಕರೆ, ಜೇನು ಏನನ್ನೂ ಸೇರಿಸಲಿಲ್ಲ. ಜೇನು ಒಂದು ವರ್ಷದೊಳಗೆ ಬೇಡವೇ ಬೇಡ, ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದಿಂದ ಬಾಟುಲಿಸಂ ಅನ್ನೋ ಕೆಟ್ಟ ಕಾಯಿಲೆ ಬರಬಹುದು. ಹಣ್ಣಿನ ಜ್ಯೂಸ್ ಕೂಡ ಒಂದು ವರ್ಷದವರೆಗೆ ಕೊಡಲಿಲ್ಲ. ಮಧ್ಯೆ ಒಮ್ಮೆ ಭೇದಿಯಾದಾಗ ಬರೀ ನೀರಿನ ಬದಲು ಓಆರ್‌ಎಸ್ ಕೊಡಲು ಡಾಕ್ಟರ್ ಹೇಳಿದರು. ಭೇದಿಯಲ್ಲಿ ನೀರಿನ ಜೊತೆ ಉಪ್ಪಿನಂಶವೂ ಹೋಗಿರುತ್ತದೆ, ಬರೀ ನೀರು ಅದನ್ನು ತುಂಬುವುದಿಲ್ಲ. ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಚಮಚ ಚಮಚವಾಗಿ. ಎದೆಹಾಲು ನಿಲ್ಲಿಸಲಿಲ್ಲ.

ಈಗ ಅವಳಿಗೆ ಒಂದು ವರ್ಷ ದಾಟಿದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಾನೇ ಕುಡಿಯುತ್ತಾಳೆ, ಅರ್ಧ ಚೆಲ್ಲುತ್ತಾಳೆ. ಈಗ ನಮ್ಮ ತಲೆನೋವು ಉಲ್ಟಾ. ಊಟಕ್ಕೆ ಕೂರಿಸಿದ ತಕ್ಷಣ ನೀರು ಬೇಕು, ಅದರಲ್ಲೇ ಹೊಟ್ಟೆ ತುಂಬಿಸಿಕೊಂಡು ಊಟ ಬೇಡ ಅಂತ ತಲೆ ಆಡಿಸುತ್ತಾಳೆ. ಅದಕ್ಕೆ ತಟ್ಟೆ ಅರ್ಧ ಖಾಲಿಯಾಗುವವರೆಗೆ ಲೋಟ ಅವಳ ಕಣ್ಣಿಗೆ ಬೀಳದ ಹಾಗೆ ಇಡುತ್ತೇವೆ. ಇಡುವವರು ಅತ್ತೆ. "ಈಗ ಬೇಡ ಕಂದ, ಊಟ ಆಗಲಿ, ಆಮೇಲೆ ನೀರು."